ಮಲೆನಾಡಿನ ಲೆಕ್ಕ ಬರೆಯುವವರು ಯಾರು? ಶಿವಮೊಗ್ಗದಲ್ಲಿ ಸ್ವತಂತ್ರ ನೀತಿ ಅಧ್ಯಯನ ಕೇಂದ್ರ ಬೇಕೆಂಬ ಬಗ್ಗೆ ಚರ್ಚೆ

ಮಲೆನಾಡು ಮಾಸ್ತರು, ತೀರ್ಥಹಳ್ಳಿ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈ 31ರಂದು ಆರನೆಯ ಬಾರಿ ಹೊರಬಿತ್ತು. ಒಟ್ಟು 56,825 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ ಪಾಲು 20,668. ಆಕ್ಷೇಪಣೆಗೆ 60 ದಿನ ಕೊಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಈ ನಡುವೆ ನಮ್ಮ ಕಡೆ ನಡೆದದ್ದು ಸಭೆ, ಮೆರವಣಿಗೆ, ಮನವಿ ಪತ್ರ, ಕರಪತ್ರ. ನನ್ನ ಕೈಗೆ ಬಂದ ಒಂದು ಕರಪತ್ರದಲ್ಲಿ ಇನ್ನು ಮೇಲೆ ಮನೆಯ ಹೆಂಚು ಬದಲಿಸುವುದಕ್ಕೂ ಅನುಮತಿ ಬೇಕು ಎಂದಿತ್ತು. ಇನ್ನೊಂದರಲ್ಲಿ ಏನೂ ಆಗುವುದಿಲ್ಲ, ಹೆದರಬೇಡಿ ಎಂದಿತ್ತು. ಕರಡನ್ನು ಓದಿದರೆ ಅದು ನಿಷೇಧಿಸುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಹೊಸ ಉದ್ಯಮ, 20,000 ಚದರ ಮೀಟರ್ ಮೀರಿದ ಕಟ್ಟಡ ಇತ್ಯಾದಿ. ಈಗಿರುವ ಮನೆಯ ದುರಸ್ತಿ, ವಿಸ್ತರಣೆಗೆ ನಿರ್ಬಂಧವಿಲ್ಲ ಎಂದು ಅದರಲ್ಲೇ ಬರೆದಿದೆ. ಆದರೆ ಇದನ್ನು ಒಂದು ಪುಟದಲ್ಲಿ ಸರಳ ಕನ್ನಡದಲ್ಲಿ ಬರೆದು ನಮ್ಮ ಪಂಚಾಯಿತಿಯ ಗೋಡೆಗೆ ಯಾರೂ ಅಂಟಿಸಲಿಲ್ಲ.

ಹಾಗೆಂದು ಹೆದರಿದವರನ್ನು ನಾನು ದಡ್ಡರೆನ್ನಲಾರೆ. ಒಂದೇ ಸರ್ವೆ ನಂಬರನ್ನು ಒಂದು ಇಲಾಖೆ ಕಂದಾಯ ಭೂಮಿ ಎನ್ನುತ್ತದೆ, ಇನ್ನೊಂದು ಅರಣ್ಯ ಎನ್ನುತ್ತದೆ. ಬಗರ್ ಹುಕುಂ, ಅಂದರೆ ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನಿನ ಸಕ್ರಮಕ್ಕೆ ಹಾಕುವ ಅರ್ಜಿ ನಮೂನೆ 50ರಿಂದ 53ಕ್ಕೆ, 53ರಿಂದ 57ಕ್ಕೆ ಬಂದು ನಿಂತಿದೆ. ಡೀಮ್ಡ್ ಫಾರೆಸ್ಟ್ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದು ಪರಿಗಣಿಸುವ ಜಾಗ) ಪಟ್ಟಿ ಒಮ್ಮೆ ಉದ್ದವಾಯಿತು, 2022ರಲ್ಲಿ 9.94 ಲಕ್ಷ ಹೆಕ್ಟೇರ್‌ನಿಂದ ಸುಮಾರು 3.3 ಲಕ್ಷಕ್ಕೆ ಇಳಿಯಿತು. ಯಾವುದು ಉಳಿಯಿತು, ಯಾವುದು ಹೋಯಿತು ಎಂದು ತಿಳಿಯಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಕಾಗದದಲ್ಲಿ ಇಲ್ಲದ ನಿರ್ಬಂಧ ಕಾಡಿನ ಗೇಟಿನಲ್ಲಿ ನಿಂತ ಸಿಬ್ಬಂದಿಯ ಬಾಯಲ್ಲಿ ಹುಟ್ಟುತ್ತದೆ ಎಂಬುದು ಇಲ್ಲಿಯ ರೈತನ ಅನುಭವ. ಆ ಅನುಭವವನ್ನೂ ಊರೂರು ತಿರುಗಿ ದಾಖಲಿಸಬೇಕಿತ್ತು. ಅದೂ ಆಗಲಿಲ್ಲ.

ಪಶ್ಚಿಮ ಘಟ್ಟದ ಅಧ್ಯಯನಕ್ಕೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ ರಚನೆಯಾದದ್ದು 2010ರಲ್ಲಿ. 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟರೂ ಜನರ ಕೈಗೆ ಸಿಕ್ಕಿದ್ದು 2012ರ ಮೇ ತಿಂಗಳಲ್ಲಿ. ಅದಕ್ಕೂ ಮಾಹಿತಿ ಹಕ್ಕಿನಡಿ ಹೋರಾಡಬೇಕಾಯಿತು. ವರದಿಯನ್ನು ಸ್ಥಳೀಯ ಭಾಷೆಗೆ ತಂದು ಗ್ರಾಮಸಭೆಗಳ ಮುಂದಿಡಬೇಕು ಎಂದು ಕೇಳಿದ್ದವರು ಅವರೇ. 2013ರಲ್ಲಿ ಬಂದ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರ ನೋಡಿ, ಶೇ 20ಕ್ಕಿಂತ ಹೆಚ್ಚು ನೈಸರ್ಗಿಕ ಹೊದಿಕೆಯಿದ್ದ ಕಂದಾಯ ಗ್ರಾಮವನ್ನು ಇಡಿಯಾಗಿ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಒಂದು ಗ್ರಾಮವೆಂದರೆ ಕಾನು (ದಟ್ಟ ಕಾಡು), ತೋಟ, ಗದ್ದೆ, ಬ್ಯಾಣ (ಹುಲ್ಲುಗಾವಲು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ) ಎಲ್ಲ ಸೇರಿ ಹರಡಿರುವ ಜಾಗ. ಇದನ್ನು ನೆಲದ ಮೇಲೆ ನಿಂತು ಬಿಡಿಸಿ ಹೇಳುವವರು ಬೇಕಿತ್ತು.

ಸರ್ಕಾರದ ಸಮಿತಿ ಸರ್ಕಾರ ಕೇಳಿದ ಪ್ರಶ್ನೆಗೆ ಉತ್ತರ ಬರೆದು ಅವಧಿ ಮುಗಿದ ಮೇಲೆ ಚದುರುತ್ತದೆ. ಪಕ್ಷಗಳ ಕಣ್ಣು ಚುನಾವಣೆಯ ಮೇಲೆ. ಸಂಘಟನೆಗಳು ತಮ್ಮ ಸದಸ್ಯರನ್ನು ಕಾಯುತ್ತವೆ, ಕಾಯಲೂ ಬೇಕು. ಇವರೆಲ್ಲರ ನಡುವೆ, ಯಾರ ಅಪ್ಪಣೆಗೂ ಕಾಯದೆ ವರ್ಷವಿಡೀ ಒಂದು ಪ್ರಶ್ನೆಯ ಹಿಂದೆ ಬಿದ್ದು, ಸಿಕ್ಕ ಉತ್ತರವನ್ನು ಎಲ್ಲರ ಮುಂದಿಡುವ ಸಂಸ್ಥೆ ಬೇಕು. ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ. ಆಮೇಲೆ ಹುಟ್ಟಿದವು ಹಲವಿವೆ. ಶಿವಮೊಗ್ಗಕ್ಕೆ ವಿಶ್ವವಿದ್ಯಾಲಯಗಳು ಬಂದವು, 2023ರಲ್ಲಿ ವಿಮಾನ ನಿಲ್ದಾಣವೂ ಬಂತು. ಇಲ್ಲಿ ಅಂಥದ್ದೊಂದು ಸಣ್ಣ ಕೇಂದ್ರ ಏಕೆ ಸಾಧ್ಯವಿಲ್ಲ? ತಿಳಿದವರು, ಒಪ್ಪದವರು ಇಬ್ಬರೂ ಬರೆಯಿರಿ.

ಮುಳುಗಡೆ ಮೊಮ್ಮಗ, ಸಾಗರ

ಮಾಸ್ತರೇ, ನಿಮ್ಮ ಕಾಳಜಿ ದೊಡ್ಡದು. ಆದರೆ ನನಗೆ ವರದಿಗಳ ಮೇಲೆ ನಂಬಿಕೆ ಹೋಗಿ ಬಹಳ ಕಾಲವಾಯಿತು.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮ ಅಜ್ಜನ ಮನೆ, ಗದ್ದೆ, ದೈವದ ಬನ ಎಲ್ಲ ನೀರಿನಡಿ ಹೋಯಿತು. ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು, ಇಲ್ಲೇ ಕಡಿದು ಸಾಗುವಳಿ ಮಾಡಿಕೊಳ್ಳಿ ಎಂದರು. ಆ ಜಾಗಕ್ಕೆ ಇಂದಿಗೂ ಸರಿಯಾದ ಹಕ್ಕುಪತ್ರವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಆಸೆ ಹುಟ್ಟಿತು. ಬುಡಕಟ್ಟಿಗೆ ಸೇರದ ನಮ್ಮಂಥವರು ಮೂರು ತಲೆಮಾರು, ಅಂದರೆ 75 ವರ್ಷ ಆ ನೆಲದಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೊಡಬೇಕು ಎನ್ನುತ್ತದೆ ಅದು. ಲೆಕ್ಕ ಹಾಕುವ ಗಡುವು 2005ರ ಡಿಸೆಂಬರ್ 13. ಸರ್ಕಾರವೇ ಅರವತ್ತರ ದಶಕದಲ್ಲಿ ತಂದು ಬಿಟ್ಟವರು ಅಲ್ಲಿ 75 ವರ್ಷ ಇದ್ದೆವೆಂದು ಹೇಗೆ ತೋರಿಸುವುದು? ಇದನ್ನು ಅರ್ಥ ಮಾಡಿಕೊಳ್ಳಲು ಪಂಡಿತರು ಬೇಕೇ?

ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಯಾವ ಸಂಸ್ಥೆಯ ವರದಿಯೂ ಅವರ ಕೈಯಲ್ಲಿರಲಿಲ್ಲ. ಸಮಾಜವಾದಿ ನಾಯಕ ಲೋಹಿಯಾ ಬಂದರು, ಜೈಲಿಗೆ ಹೋದರು. ಗೇಣಿ ಹೋದದ್ದು ಹೋರಾಟದಿಂದ. ಶರಾವತಿ ಹಿನ್ನೀರಿನ ಹೊಳೆಬಾಗಿಲ ಆಚೆಯವರು ಲಾಂಚಿಗಾಗಿ ಕಾದು ಕಾದು, ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಆ ಸೇತುವೆ ಬೇಕೆಂದು ಜನ ಬೀದಿಗೆ ಇಳಿದಿದ್ದರು. ಅಧ್ಯಯನಕ್ಕೆ ಕೂತಿದ್ದರೆ ಇನ್ನೂ ಕೂತಿರುತ್ತಿದ್ದರು.

ಹೊಸನಗರದ ಮಗಳು, ಬೆಂಗಳೂರು

ಅಣ್ಣ, ನಿಮ್ಮ ಸಿಟ್ಟನ್ನು ತಪ್ಪೆನ್ನುವುದಿಲ್ಲ. ನಮ್ಮ ಅಮ್ಮನ ತವರೂ ನೀರಿನಡಿ ಹೋದ ಊರೇ. ನಾನು ಬೆಂಗಳೂರಿನ ಒಂದು ನೀತಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ, ಆದ್ದರಿಂದ ಒಳಗಿನ ಕೆಲಸದ ರೀತಿ ಹೇಳಬಲ್ಲೆ.

75 ವರ್ಷದ ನಿಯಮ ನಿಮ್ಮವರಿಗೆ ಹೇಗೆ ಉರುಳಾಯಿತು ಎಂದು ನೀವು ಕೆಲವೇ ಸಾಲಿನಲ್ಲಿ ಹೇಳಿದಿರಿ. ಇದನ್ನೇ ಶಾಸಕರ ಮುಂದೆ ಹೇಳಿದರೆ ಅವರು ಕೇಳುವುದು, ಎಷ್ಟು ಕುಟುಂಬ, ಎಷ್ಟು ಎಕರೆ, ಯಾವ ಸರ್ವೆ ನಂಬರು, ತಿರಸ್ಕೃತ ಅರ್ಜಿಗಳಲ್ಲಿ ಎಷ್ಟು ಈ ಕಾರಣಕ್ಕೆ ಬಿದ್ದವು, ಕಾಯ್ದೆಯ ಯಾವ ಸಾಲು ತಿದ್ದಬೇಕು, ಅಥವಾ ಬೇರೆ ಯಾವ ಕಾನೂನಿನಡಿ ಹಕ್ಕು ಕೊಡಬಹುದು ಎಂದು. ಇಷ್ಟಕ್ಕೆ ಉತ್ತರವಿರುವ ಕಡತ ಹೋರಾಟಗಾರರ ಕೈಯಲ್ಲಿದ್ದರೆ, ಭರವಸೆ ಕೊಟ್ಟು ಕಳುಹಿಸುವುದು ಯಾವ ಮಂತ್ರಿಗೂ ಸುಲಭವಾಗುವುದಿಲ್ಲ. ಕಾಗೋಡಿನ ಮಾತು ಎತ್ತಿದಿರಿ. 1951ರ ಆ ಕೂಗು ಕಾನೂನಾಗಿ ಗೇಣಿದಾರನ ಮನೆ ತಲುಪಿದ್ದು 1974ರ ತಿದ್ದುಪಡಿ ಮತ್ತು ಭೂ ನ್ಯಾಯಮಂಡಳಿಗಳ ಮೂಲಕ. ನಡುವಿನ ಇಪ್ಪತ್ತಮೂರು ವರ್ಷ ಯಾರು ಏನು ಬರೆದರು, ಯಾವ ಷರತ್ತು ಸೇರಿತು, ಯಾವುದು ಬಿಟ್ಟುಹೋಯಿತು ಎಂಬುದರ ಮೇಲೆ ಎಷ್ಟು ಜನರ ಹಣೆಬರಹ ನಿಂತಿತ್ತು ಎಂದು ಯೋಚಿಸಿ.

ಇಂಥ ಸಂಸ್ಥೆಗಳಿಂದ ಏನಾಗಿದೆ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಬೆಂಗಳೂರಿನದೇ. ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಕಟ್ಟಿದರು. ನೀರು, ವಿದ್ಯುತ್, ದೂರವಾಣಿ, ನಗರಪಾಲಿಕೆ, ಹೀಗೆ ಒಂದೊಂದು ಸಂಸ್ಥೆಗೂ ಜನರಿಂದಲೇ ಅಂಕ ಕೊಡಿಸಿದರು. ಕೆಲಸ ಆಯಿತೇ, ಎಷ್ಟು ಸಲ ಅಲೆದಿರಿ, ಲಂಚ ಕೊಟ್ಟಿರಾ ಎಂದು ಮನೆಮನೆಗೆ ಹೋಗಿ ಕೇಳಿ, ಬಂದ ಉತ್ತರವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿದರು. 1999ರಲ್ಲಿ, 2003ರಲ್ಲಿ ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿದರು. ಮೊದಲ ಸಲ ನಾಚಿಕೆಪಟ್ಟ ಸಂಸ್ಥೆಗಳಲ್ಲಿ ಕೆಲವು ಮೂರನೆಯ ಸಲದ ಹೊತ್ತಿಗೆ ಸುಧಾರಿಸಿದ್ದವು. ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಬಿಡದೆ ಕೇಳುವ ತಾಳ್ಮೆ ಸರ್ಕಾರಿ ಸಮಿತಿಗೆ ಇರುವುದಿಲ್ಲ, ಚಳವಳಿಗೆ ಪುರುಸೊತ್ತಿರುವುದಿಲ್ಲ. ಶಿವಮೊಗ್ಗದ ಆಸ್ಪತ್ರೆ, ನಾಡಕಚೇರಿ, ಕುಡಿಯುವ ನೀರಿಗೆ ಹೀಗೆ ಅಂಕಪಟ್ಟಿ ಬಂದರೆ ಹೇಗಿದ್ದೀತು!

ಅಡಿಕೆ ಬೆಳೆಗಾರ, ಕೊಪ್ಪ

ಎಲ್ಲ ಸರಿ ತಂಗಿ, ದುಡ್ಡು ಯಾರದು? ಇಲ್ಲಿ ನಾಲ್ಕು ಕಾಸು ಕೊಡಬಲ್ಲವರೆಂದರೆ ಅಡಿಕೆ ಸಹಕಾರ ಸಂಘಗಳು, ರೆಸಾರ್ಟ್ ಮಾಲೀಕರು, ಗುತ್ತಿಗೆದಾರರು. ಅವರ ದುಡ್ಡು ತಿಂದು ಅವರ ವಿರುದ್ಧ ಬರೆಯಲಾದೀತೇ?

ನನ್ನದೇ ಬೆಳೆಯ ಮಾತು ಹೇಳುತ್ತೇನೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಪಟ್ಟಿ ಮಾಡಿತು. ನಮ್ಮ ಸಭೆಗಳಲ್ಲಿ ಇದನ್ನು ಎತ್ತಿದವನನ್ನು ಶತ್ರುವಿನಂತೆ ನೋಡುತ್ತಾರೆ. ಇತ್ತ ಗದ್ದೆ ತೋಟವಾಗುತ್ತಿದೆ, ಚನ್ನಗಿರಿಯಂಥ ಬಯಲು ಸೀಮೆಯಲ್ಲೂ ಬೋರ್‌ವೆಲ್ ನೀರಿಗೆ ಅಡಿಕೆ ನಿಂತಿದೆ. ಎಲೆಚುಕ್ಕೆ ರೋಗಕ್ಕೆ ನಮ್ಮ ಮಲೆನಾಡಿನ ಹಳೆಯ ತೋಟಗಳು ಸೊರಗುತ್ತಿವೆ. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಒಪ್ಪಿತು. ನಾಳೆ ಗುಟ್ಕಾ ನಿಂತರೆ, ದರ ಬಿದ್ದರೆ, ಎರಡು ಎಕರೆಯವನು ಏನು ಮಾಡಬೇಕು? ನಡುವೆ ಕಾಳುಮೆಣಸು, ಕಾಫಿ, ಏಲಕ್ಕಿ ಹಾಕಿದವನ ಆದಾಯ ಎಷ್ಟು, ಹಾಕದವನದು ಎಷ್ಟು? ಇದನ್ನು ಬೆಳೆಗಾರರ ಪರವೂ ಅಲ್ಲದೆ ವಿರುದ್ಧವೂ ಅಲ್ಲದೆ ಯಾರಾದರೂ ಬರೆದು ಕೊಟ್ಟರೆ ನಾನು ಮೊದಲು ಓದುತ್ತೇನೆ. ಆದರೆ ಸಂಘದ ಹಣದಲ್ಲಿ ನಡೆಯುವ ಸಂಸ್ಥೆ ಇದನ್ನು ಬರೆಯುತ್ತದೆಯೇ?

ಹೊಸನಗರದ ಮಗಳು, ಬೆಂಗಳೂರು

ಈ ಪ್ರಶ್ನೆ ಬರಲೆಂದೇ ಕಾಯುತ್ತಿದ್ದೆ. ಸ್ವತಂತ್ರ ಎಂಬ ಹಣೆಪಟ್ಟಿ ಹಚ್ಚಿಕೊಂಡ ಮಾತ್ರಕ್ಕೆ ಯಾವ ಸಂಸ್ಥೆಯೂ ಸ್ವತಂತ್ರವಾಗುವುದಿಲ್ಲ. ನೀತಿ ಆಯೋಗ ಸರ್ಕಾರದ್ದೇ ಅಂಗ. ದೆಹಲಿಯ ಅಬ್ಸರ್ವರ್ ರಿಸರ್ಚ್ ಫೌಂಡೇಶನ್ 1990ರಲ್ಲಿ ರಿಲಯನ್ಸ್ ಬೆಂಬಲದಿಂದ ಆರಂಭವಾಯಿತು. ಇವು ಕೆಲಸ ಮಾಡುವುದಿಲ್ಲ ಎಂದಲ್ಲ. ಆದರೆ ಓದುವವನಿಗೆ ಹಣದ ಮೂಲ ಗೊತ್ತಿರಬೇಕು.

ಇನ್ನೊಂದು ಅಪಾಯವೂ ಇದೆ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 1973ರಿಂದ ನಡೆದುಬಂದ ಸಂಸ್ಥೆ. 2023ರ ಫೆಬ್ರವರಿಯಲ್ಲಿ ಅದರ ವಿದೇಶಿ ದೇಣಿಗೆ ಪರವಾನಗಿ ಅಮಾನತಾಯಿತು, 2024ರ ಜನವರಿಯಲ್ಲಿ ರದ್ದಾಯಿತು. ಎಷ್ಟೋ ಒಳ್ಳೆಯ ಸಂಶೋಧಕರು ಕೆಲಸ ಬಿಡಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾದರೆ ನಮ್ಮದೇನು? ಆದ್ದರಿಂದ ಹಣ ಹಲವು ಕಡೆಯಿಂದ ಬರಬೇಕು, ಯಾರೊಬ್ಬರ ಪಾಲೂ ಹತ್ತರಲ್ಲಿ ಒಂದಂಶ ಮೀರಬಾರದು. ಕೊಟ್ಟವರ ಹೆಸರು, ಮೊತ್ತ ಪ್ರತಿ ವರದಿಯ ಮೊದಲ ಪುಟದಲ್ಲೇ ಇರಬೇಕು. ದೇಣಿಗೆ ಕರಾರಿನಲ್ಲಿ ಒಂದು ಸಾಲು ಕಡ್ಡಾಯ: ಉತ್ತರ ಏನೇ ಬಂದರೂ ಪ್ರಕಟಿಸುತ್ತೇವೆ, ಪ್ರಕಟಣೆಗೆ ಮೊದಲು ನಿಮಗೆ ತೋರಿಸುವುದಿಲ್ಲ. ಇದಕ್ಕೆ ಒಪ್ಪದವರ ಹಣ ಬೇಡ. ಮಾಹಿತಿಯನ್ನೂ, ಅಂದರೆ ಹೆಸರು ತೆಗೆದ ಮೂಲ ಉತ್ತರಗಳನ್ನು, ಯಾರು ಬೇಕಾದರೂ ಮರುಲೆಕ್ಕ ಹಾಕುವಂತೆ ತೆರೆದಿಡಬೇಕು. ಪ್ರಕಟಿಸುವ ಮುನ್ನ ಒಪ್ಪದ ಇಬ್ಬರಿಗೆ ಓದಿಸಬೇಕು. ನಿಮ್ಮ ಅಡಿಕೆಯ ಪ್ರಶ್ನೆಯನ್ನು ಕ್ಯಾನ್ಸರ್ ವೈದ್ಯರೊಬ್ಬರು, ಹಳೆಯ ಬೆಳೆಗಾರರೊಬ್ಬರು ಇಬ್ಬರೂ ತಿದ್ದಿದ ಮೇಲೆ ಹೊರಬರಲಿ.

ತುಂಗಾತೀರದ ವಕೀಲ, ಶಿವಮೊಗ್ಗ

ಚಿಕ್ಕದಾಗಿ ಎರಡು ಕಾನೂನಿನ ವಿಷಯ. ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಪ್ರಕಾರ, ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿ ರೂಪಿಸುವಾಗ ಅದಕ್ಕೆ ಸಂಬಂಧಿಸಿದ ಸಂಗತಿಗಳನ್ನೆಲ್ಲ ಸರ್ಕಾರ ತಾನಾಗಿಯೇ ಪ್ರಕಟಿಸಬೇಕು. ಅರ್ಜಿ ಹಾಕುವವರೆಗೆ ಕಾಯುವಂತಿಲ್ಲ. 2020ರಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಸ್ಥಳೀಯ ಭಾಷೆಯಲ್ಲಿ ಬರಲಿಲ್ಲವೆಂದು ಕರ್ನಾಟಕ ಹೈಕೋರ್ಟ್ ಅದರ ಅಂತಿಮ ಪ್ರಕಟಣೆಗೆ ತಡೆ ಕೊಟ್ಟಿತ್ತು. ಈ ಎರಡು ಅಸ್ತ್ರ ಕೈಯಲ್ಲಿದ್ದೂ ಜಿಲ್ಲೆಯಲ್ಲಿ ಬಳಸುವವರಿಲ್ಲ. ಕೇಂದ್ರವೊಂದು ಆದರೆ ಅರ್ಜಿ, ಮೇಲ್ಮನವಿಗಳ ಕೆಲಸ ನಾನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತೇನೆ.

ಆಶಾ ಕಾರ್ಯಕರ್ತೆ, ಸೊರಬ

ನೀವೆಲ್ಲ ದೊಡ್ಡ ವಿಷಯ ಬರೆಯುತ್ತಿದ್ದೀರಿ. ನಾನು ಮಂಗನ ಕಾಯಿಲೆಯ ಬಗ್ಗೆ ಬರೆಯುತ್ತೇನೆ. ನಮ್ಮ ತಾಲ್ಲೂಕಿನ ಕ್ಯಾಸನೂರಿನ ಹೆಸರೇ 1957ರಿಂದ ಈ ಕಾಯಿಲೆಗೆ ಅಂಟಿಕೊಂಡಿದೆ.

ಬೇಸಿಗೆಗೆ ಮೊದಲು ನಮಗೆ ಎಣ್ಣೆಯ ಬಾಟಲಿಗಳನ್ನು ಕೊಡುತ್ತಾರೆ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಿ, ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತುವುದಿಲ್ಲ ಎಂದು ಮನೆಮನೆಗೆ ಹೇಳಿ ಬರುತ್ತೇನೆ. ಮುಂದಿನ ವಾರ ಹೋದರೆ ಬಾಟಲಿ ದೇವರ ಗೂಡಿನ ಪಕ್ಕ ಮುಚ್ಚಳ ಬಿಚ್ಚದೆ ಕೂತಿರುತ್ತದೆ. ಕಾಡಿನಲ್ಲಿ ದರಗು (ಒಣಗಿದ ಎಲೆ) ಗುಡಿಸಲು ಹೋಗುವ ಹೆಂಗಸರು ಬೆಳಗ್ಗೆ ಆರಕ್ಕೇ ಹೊರಡುತ್ತಾರೆ. ಬೆವರಿಗೆ ಎಣ್ಣೆ ಅಂಟಂಟಾಗುತ್ತದೆ, ದರಗಿನ ಧೂಳು ಮೆತ್ತಿಕೊಳ್ಳುತ್ತದೆ, ಕಣ್ಣಿಗೆ ಇಳಿದರೆ ಉರಿ ಎನ್ನುತ್ತಾರೆ. ಲಸಿಕೆ ಇದ್ದಾಗಲೂ ಹೀಗೆಯೇ. ಸೂಜಿಯ ನೋವಿಗೆ ತೋಳು ಎತ್ತಲಾಗದೆ ಕೂಲಿ ತಪ್ಪುತ್ತದೆಂದು ಎರಡನೆಯ ಡೋಸ್‌ಗೆ ಎಷ್ಟೋ ಜನ ಬರಲಿಲ್ಲ. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಹೊಸದು ಬರುತ್ತದೆ ಎನ್ನುತ್ತಾರೆ.

ಮೇಲಿನವರು ಬಂದಾಗ ಕೇಳುವುದು ಎಷ್ಟು ಬಾಟಲಿ ಹಂಚಿದಿರಿ ಎಂದು. ಎಷ್ಟು ಜನ ಹಚ್ಚಿಕೊಂಡರು, ಏಕೆ ಹಚ್ಚಿಕೊಳ್ಳಲಿಲ್ಲ ಎಂದು ಇದುವರೆಗೆ ನನ್ನನ್ನು ಯಾರೂ ಕೇಳಿಲ್ಲ. ನನ್ನ ವಹಿಯಲ್ಲಿ ಅದಕ್ಕೆ ಕಾಲಂ ಇಲ್ಲ. ನೀವು ಹೇಳುವ ಕೇಂದ್ರ ಆ ಕಾಲಂ ತುಂಬುವುದಾದರೆ ನನ್ನ ಬೆಂಬಲವಿದೆ. ಹೊಸ ಲಸಿಕೆ ಬಂದಾಗಲೂ ದರಗಿನ ಹಂಗಾಮು ನೋಡಿ ಶಿಬಿರ ಇಡಬೇಕು, ಒಂದು ದಿನದ ಕೂಲಿ ಕೊಡಬೇಕು ಎಂದು ಬರೆಯಿರಿ. ಅದನ್ನು ನಾವು ಹೇಳಿದರೆ ಕೇಳುವವರಿಲ್ಲ.

ಮುಳುಗಡೆ ಮೊಮ್ಮಗ, ಸಾಗರ

ಅಕ್ಕ, ನೀವು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. 2019ರಲ್ಲಿ ಅರಲಗೋಡು ಕಡೆ ಕಾಯಿಲೆ ಹಬ್ಬಿದಾಗ ನಮ್ಮ ನೆಂಟರ ಮನೆಯಲ್ಲೂ ಸಾವಾಗಿತ್ತು.

ನಿವೃತ್ತ ಎಂಜಿನಿಯರ್, ಜೋಗ

ಇಲ್ಲಿ ಅಂಕಿಸಂಖ್ಯೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ಉದ್ಯೋಗವೆಲ್ಲ ನೀರು ಮತ್ತು ಯಂತ್ರದ ಜೊತೆ ಕಳೆಯಿತು.

ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು 2019ರಲ್ಲಿ ಎದ್ದಾಗ ಜುಲೈನಲ್ಲಿ ಜಿಲ್ಲೆ ಬಂದ್ ಆಯಿತು. ವೇದಿಕೆಯಲ್ಲಿ ಭಾಷಣಗಳು ಭಾವುಕವಾಗಿದ್ದವು, ನನ್ನ ಕಣ್ಣೂ ತುಂಬಿತು. ಆದರೆ ಒಂದು ಸಣ್ಣ ಲೆಕ್ಕ ಅಲ್ಲಿ ಯಾರೂ ಹೇಳಲಿಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ, ಅಂದರೆ ಸುಮಾರು 554 ಮೀಟರ್. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಇಷ್ಟನ್ನು 350 ಮೀಟರ್ ಎತ್ತಲು, ಪಂಪಿನ ನಷ್ಟ, ಕೊಳವೆಯ ಘರ್ಷಣೆ ಏನನ್ನೂ ಸೇರಿಸದೆ, ಸುಮಾರು 2.7 ಕೋಟಿ ಯೂನಿಟ್ ವಿದ್ಯುತ್ ಬೇಕು. ನಷ್ಟ ಸೇರಿಸಿದರೆ ಇನ್ನೂ ಬಹಳ ಏರುತ್ತದೆ. ಅದೇ ನೀರು ತಳಕಳಲೆ ಜಲಾಶಯ ದಾಟಿ ಘಟ್ಟ ಇಳಿದಿದ್ದರೆ ವಿದ್ಯುತ್ ಕೊಡುತ್ತಿತ್ತು, ಅದೂ ಹೋಯಿತು. ಇದು ಪ್ರೌಢಶಾಲೆಯ ಭೌತಶಾಸ್ತ್ರ. ಇದನ್ನು ಬೆಂಗಳೂರಿನ ಸೋರಿಕೆ ತಡೆಯುವ ಖರ್ಚು, ಬಳಸಿದ ನೀರನ್ನು ಶುದ್ಧೀಕರಿಸುವ ಖರ್ಚು, ಮಳೆನೀರು ಹಿಡಿಯುವ ಖರ್ಚಿನ ಪಕ್ಕದಲ್ಲಿಟ್ಟು ತೋರಿಸಿದ್ದರೆ ಬೆಂಗಳೂರಿನವರೂ ನಮ್ಮ ಜೊತೆ ನಿಲ್ಲುತ್ತಿದ್ದರು. ಅವರ ಜೇಬಿನ ಪ್ರಶ್ನೆಯೂ ಅಲ್ಲವೇ?

ಈಗಿನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ನೋಡಿ. ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗಿಳಿಸಿ ವಿದ್ಯುತ್ ಪಡೆಯುವ ವ್ಯವಸ್ಥೆ ಇದು. 2,000 ಮೆಗಾವಾಟ್, ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ, ನಡುವೆ ಸಿಂಗಳೀಕದ ಅಭಯಾರಣ್ಯ. ಸೌರ ವಿದ್ಯುತ್ ಹೆಚ್ಚಾದಂತೆ ಹಗಲಿನದನ್ನು ರಾತ್ರಿಗೆ ಕೂಡಿಡುವ ವ್ಯವಸ್ಥೆ ರಾಜ್ಯಕ್ಕೆ ಬೇಕೇ ಬೇಕು, ಇದನ್ನು ವಿರೋಧಿಸುವವರು ಒಪ್ಪಿಕೊಳ್ಳಬೇಕು. ಇಂಥ ಯೋಜನೆಯಲ್ಲಿ ನೂರು ಯೂನಿಟ್ ಬಳಸಿ ನೀರೆತ್ತಿದರೆ ಮರಳಿ ಸಿಗುವುದು ಸುಮಾರು 75ರಿಂದ 80, ಬೆಂಬಲಿಸುವವರು ಇದನ್ನು ಮುಚ್ಚಿಡಬಾರದು. ಬ್ಯಾಟರಿಯ ಬೆಲೆ ಇಳಿಯುತ್ತಿರುವಾಗ ಈ ಕಣಿವೆಯೇ ಬೇಕೇ, ಬೇರೆ ಜಾಗವಿಲ್ಲವೇ ಎಂದು ಹೋಲಿಸಿ ನೋಡುವ ಕೆಲಸವನ್ನು ಯೋಜನೆ ಮಾಡುವ ನಿಗಮದಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ. ವಿರೋಧಿಸುವ ಸಮಿತಿಯಿಂದ ನಿರೀಕ್ಷಿಸುವುದೂ ಅಲ್ಲ. ಕ್ರಿಕೆಟ್ಟಿನಲ್ಲಿ ಆಡುವವನೇ ಅಂಪೈರ್ ಆಗುವುದಿಲ್ಲ.

ಭದ್ರಾವತಿ ಕಾರ್ಮಿಕ

ಕಣಿವೆ, ತೋಟ, ಕಾಡು ಎಲ್ಲ ಆಯಿತು. ನಮ್ಮೂರನ್ನೂ ನೆನೆಯಿರಿ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ನಿರ್ಧಾರವಾಯಿತು. ಕೆಲವು ಘಟಕ ಮತ್ತೆ ಶುರುವಾದವು, ತೂಗುಗತ್ತಿ ಇಳಿದಿಲ್ಲ. ಕಾಗದ ಕಾರ್ಖಾನೆ 2015ರಲ್ಲೇ ನಿಂತಿತು. ಅದರ ಅಕೇಶಿಯಾ ನೆಡುತೋಪಿನ ಗುತ್ತಿಗೆ ಮಾತ್ರ 2020ರಲ್ಲಿ ನವೀಕರಣವಾಯಿತು.

ಚುನಾವಣೆ ಬಂದಾಗಲೆಲ್ಲ ಪುನಶ್ಚೇತನ ಎಂಬ ಮಾತು ಬರುತ್ತದೆ. ಪುನಶ್ಚೇತನಕ್ಕೆ ಎಷ್ಟು ಹಣ ಬೇಕು, ಅದಿರು ಎಲ್ಲಿಂದ, ಕಾಗದಕ್ಕೆ ಮಾರುಕಟ್ಟೆ ಇದೆಯೇ, ಆಗುವುದಿಲ್ಲವೆಂದಾದರೆ ಆ ನೂರಾರು ಎಕರೆ ಜಾಗದಲ್ಲಿ ಇನ್ನೇನು ಆದೀತು ಎಂದು ನಮಗೆ ನೇರವಾಗಿ ಹೇಳಿದವರಿಲ್ಲ. ಆಗುವುದಿಲ್ಲ ಎಂದು ಮೊದಲೇ ಗೊತ್ತಾಗಿದ್ದರೆ ಎಷ್ಟೋ ಗುತ್ತಿಗೆ ಕಾರ್ಮಿಕರು ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಕಹಿ ಸತ್ಯವಾದರೂ ಸರಿ, ಹೇಳುವ ಧೈರ್ಯವಿರುವ ಸಂಸ್ಥೆ ಬರಲಿ.

ಶಂಕರಘಟ್ಟದ ಸಂಶೋಧಕಿ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇದೇ ಊರುಗಳ ಮೇಲೆ ಬರೆದ ಪ್ರಬಂಧಗಳು ಸಾಲಾಗಿ ನಿಂತಿವೆ. ಪದವಿ ಬಂದ ಮೇಲೆ ಅವನ್ನು ಬಿಚ್ಚುವವರು ಕಡಿಮೆ. ಆದ್ದರಿಂದ ಕೇಂದ್ರ ಮೊದಲು ಮಾಡಬೇಕಾದದ್ದು ಇರುವುದನ್ನು ಓದಿ, ಆರಿಸಿ, ಎರಡು ಪುಟಕ್ಕೆ ಇಳಿಸಿ ಪಂಚಾಯಿತಿ ಸದಸ್ಯರಿಗೆ ತಲುಪಿಸುವುದು.

ಇನ್ನೊಂದು ಮಾತು. 2002ರ ಡಿ.ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ದೊಡ್ಡ ಕೆಲಸ ಅದು, ರಾಜ್ಯದ ಹಣ ಹಂಚಿಕೆಯನ್ನೇ ಪ್ರಭಾವಿಸಿತು. ಆದರೆ ತಾಲ್ಲೂಕಿನ ಸರಾಸರಿ ಮಲೆನಾಡಿನಲ್ಲಿ ದಾರಿ ತಪ್ಪಿಸುತ್ತದೆ. ಪೇಟೆಯ ಸಾಕ್ಷರತೆ, ತೋಟದವರ ಆದಾಯ ಸೇರಿ ಅಂಕ ಚೆನ್ನಾಗಿ ಬರುತ್ತದೆ. ಮಳೆಗಾಲದಲ್ಲಿ ಕಾಲುಸಂಕ (ಹಳ್ಳ ದಾಟುವ ಸಣ್ಣ ಸೇತುವೆ) ಕೊಚ್ಚಿಹೋಗಿ ಶಾಲೆ ತಪ್ಪುವ ಮಗು ಆ ಸರಾಸರಿಯಲ್ಲಿ ಕಾಣುವುದಿಲ್ಲ. ನಮ್ಮ ಅಳತೆ ಮಜರೆಯ, ಅಂದರೆ ಗ್ರಾಮದೊಳಗಿನ ಸಣ್ಣ ಊರಿನ ಮಟ್ಟದಲ್ಲಿ ಆಗಬೇಕು. ಪ್ರಾದೇಶಿಕ ಅಸಮತೋಲನದ ಬಗ್ಗೆ ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ಹೊಸ ಸಮಿತಿ ರಚನೆಯಾಯಿತು. ಅಂಥ ಸಮಿತಿಯ ಮುಂದಿಡಲು ನಮ್ಮ ಬಳಿ ಮಜರೆವಾರು ಮಾಹಿತಿ ಸಿದ್ಧವಿರಬೇಕಿತ್ತು.

ಅಡಿಕೆ ಬೆಳೆಗಾರ, ಕೊಪ್ಪ

ಹತ್ತರಲ್ಲಿ ಒಂದಂಶದ ಮಿತಿ, ಮೊದಲ ಪುಟದಲ್ಲಿ ಹೆಸರು, ಈ ಎರಡು ಷರತ್ತು ಬರಹದಲ್ಲಿ ಬಂದರೆ ನಾನೂ ನನ್ನ ಗೆಳೆಯರೂ ವರ್ಷಕ್ಕಿಷ್ಟು ಎಂದು ಕೊಡುತ್ತೇವೆ. ಸಂಘದಿಂದ ಬೇಡ, ಬಿಡಿಯಾಗಿ ಕೊಡುತ್ತೇವೆ. ಒಂದು ಅನುಮಾನ ಉಳಿದಿದೆ. ವರದಿ ಬಂದ ದಿನವೇ ಯಾವುದೋ ಒಂದು ಪಕ್ಷ ಅದನ್ನು ತನ್ನದೆಂದು ಎತ್ತಿಕೊಂಡು ಕುಣಿಯುತ್ತದೆ. ಆಗ ಇನ್ನೊಂದು ಪಕ್ಷದವರು ಕೇಂದ್ರಕ್ಕೆ ಬಣ್ಣ ಬಳಿಯುತ್ತಾರೆ. ಇದಕ್ಕೇನು ಮಾಡುವುದು?

ಹೊಸನಗರದ ಮಗಳು, ಬೆಂಗಳೂರು

ಅದನ್ನು ಪೂರ್ತಿ ತಡೆಯಲಾಗದು. ಪಿಆರ್‌ಎಸ್ ಎಂಬ ಸಂಸ್ಥೆ 2005ರಿಂದ ಸಂಸದರಿಗೆ ಮಸೂದೆಗಳ ಸಾರಾಂಶ ಕೊಡುತ್ತಿದೆ. ಮಸೂದೆ ಬೇಕು, ಬೇಡ ಎಂದು ಅದು ಹೇಳುವುದಿಲ್ಲ. ಮಸೂದೆಯಲ್ಲಿ ಏನಿದೆ, ಎಲ್ಲಿ ತೊಡಕಿದೆ ಎಂದಷ್ಟೇ ಬರೆಯುತ್ತದೆ. ಅದಕ್ಕೇ ಎಲ್ಲ ಪಕ್ಷದವರೂ ಓದುತ್ತಾರೆ. ಮೊದಲ ಕೆಲವು ವರ್ಷ ನಾವೂ ಅದೇ ದಾರಿ ಹಿಡಿಯೋಣ ಎಂದು ನನ್ನ ಅಭಿಪ್ರಾಯ. ಪಕ್ಷದ ಪದಾಧಿಕಾರಿಗಳು, ಚುನಾವಣೆಗೆ ನಿಲ್ಲುವವರು ಆಡಳಿತ ಮಂಡಳಿಯಲ್ಲಿ ಇರಬಾರದು.

ಮುಳುಗಡೆ ಮೊಮ್ಮಗ, ಸಾಗರ

ಬೇಕು ಬೇಡ ಹೇಳುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ ತಂಗಿ. ಅರವತ್ತು ವರ್ಷ ಹಕ್ಕುಪತ್ರವಿಲ್ಲದೆ ಬದುಕಿದವರ ಲೆಕ್ಕ ಬರೆದ ಮೇಲೂ ಇದು ಅನ್ಯಾಯ ಎಂದು ಬರೆಯದಿದ್ದರೆ ಆ ಲೆಕ್ಕ ಯಾರಿಗಾಗಿ? ಲೆಕ್ಕ ನಿಖರವಾಗಿರಲಿ, ತೀರ್ಮಾನವೂ ಇರಲಿ.

ಮಲೆನಾಡು ಮಾಸ್ತರು, ತೀರ್ಥಹಳ್ಳಿ

ಈ ಒಂದು ವಿಷಯದಲ್ಲಿ ನಾನು ಸಾಗರದವರ ಕಡೆ. ಲೆಕ್ಕದ ಭಾಗ ಬೇರೆ, ಶಿಫಾರಸಿನ ಭಾಗ ಬೇರೆ ಎಂದು ಎರಡು ತುಂಡು ಮಾಡಿ ಪ್ರಕಟಿಸೋಣ. ಶಿಫಾರಸನ್ನು ಒಪ್ಪದವನಿಗೂ ಲೆಕ್ಕ ಕೆಲಸಕ್ಕೆ ಬರಲಿ. ಒಮ್ಮತವಾಗದಿದ್ದರೆ ಭಿನ್ನಮತವನ್ನೂ ಅದರ ಜೊತೆಗೇ ಅಚ್ಚು ಹಾಕೋಣ.

ಕಟ್ಟಡ, ಫಲಕ, ಉದ್ಘಾಟನೆ ಯಾವುದೂ ಈಗ ಬೇಡ. ಮೊದಲ ವರ್ಷಕ್ಕೆ ಒಂದೇ ಪ್ರಶ್ನೆ ಹಿಡಿಯೋಣ: ಶರಾವತಿ ಮುಳುಗಡೆ ಕುಟುಂಬಗಳ ಅರಣ್ಯ ಹಕ್ಕು ಅರ್ಜಿಗಳು ಯಾವ ಯಾವ ಕಾರಣಕ್ಕೆ ಬಿದ್ದವು? ಸೊರಬದ ಅಕ್ಕನ ಪ್ರಶ್ನೆ ಎರಡನೆಯದು. ಅದು ಬೇಸಿಗೆಗೆ ಮೊದಲು ಶುರುವಾಗಬೇಕು, ಆದ್ದರಿಂದ ತಯಾರಿ ಈಗಲೇ ಆಗಲಿ. ಪ್ರಶ್ನಾವಳಿಯನ್ನು ಸಂಶೋಧಕಿ ಬರೆಯಲಿ, ಅಕ್ಕ ತಿದ್ದಲಿ. ವಕೀಲರು ತಿರಸ್ಕೃತ ಅರ್ಜಿಗಳ ಪಟ್ಟಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ. ಸಾಗರದವರೇ, ಯಾವ ಮಜರೆಯಿಂದ ಆರಂಭಿಸಬೇಕೆಂದು ನೀವು ಹೇಳಬೇಕು.

ಆಶಾ ಕಾರ್ಯಕರ್ತೆ, ಸೊರಬ

ಒಪ್ಪಿದೆ ಮಾಸ್ತರೇ. ಪ್ರಶ್ನೆ ಕೇಳಲು ಹೋಗುವಾಗ ಹೆಂಗಸರನ್ನು ಬೇರೆಯಾಗಿ ಮಾತನಾಡಿಸಿ, ಗಂಡಸರ ಎದುರು ಅವರು ಎಣ್ಣೆ ಹಚ್ಚಿಕೊಂಡೆವು ಎಂದೇ ಹೇಳುತ್ತಾರೆ. ಅಡಿಕೆ ಸುಲಿಯುವ ದಿನಗಳಲ್ಲಿ ಸಂಜೆ ಹೋಗಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ.

ಮುಳುಗಡೆ ಮೊಮ್ಮಗ, ಸಾಗರ

ಮಜರೆಗಳ ಹೆಸರನ್ನು ಮಾಸ್ತರಿಗೆ ಬೇರೆಯಾಗಿ ಕಳುಹಿಸಿದ್ದೇನೆ. ಅಲ್ಲಿಯ ಮನೆಗಳಲ್ಲಿ ಹಳೆಯ ನೋಟಿಸು, ಪರಿಹಾರದ ರಸೀದಿ, ಕಂದಾಯ ಕಟ್ಟಿದ ಚೀಟಿಗಳು ಟ್ರಂಕಿನಲ್ಲಿವೆ. ನನ್ನದೊಂದು ಷರತ್ತು. ಮೂಲ ಕಾಗದ ಯಾರ ಮನೆಯಿಂದಲೂ ಹೊರಗೆ ಹೋಗಕೂಡದು; ಅಲ್ಲೇ ಫೋಟೊ ತೆಗೆದುಕೊಳ್ಳಿ. ತೆಗೆದದ್ದರ ಒಂದು ಪ್ರತಿಯನ್ನೂ, ನೀವು ಬರೆದುಕೊಂಡ ಹಾಳೆಯ ಒಂದು ಪ್ರತಿಯನ್ನೂ ಆ ಮನೆಯವರಿಗೆ ಕೊಟ್ಟೇ ಎದ್ದು ಬರಬೇಕು.

ಮಲೆನಾಡು ಮಾಸ್ತರು, ತೀರ್ಥಹಳ್ಳಿ

ಒಪ್ಪಿಗೆ. ಮೊದಲ ಭೇಟಿಗೆ ನಿಮ್ಮ ಜೊತೆ ನಾನೂ, ವಕೀಲರೂ ಬರುತ್ತೇವೆ. ಕೊಪ್ಪದವರು ಮುದ್ರಣದ ಖರ್ಚು ಕೊಡುವುದಾಗಿ ಸಂದೇಶ ಕಳುಹಿಸಿದ್ದಾರೆ. ಮೊತ್ತ ಬಂದ ಕೂಡಲೇ ಅವರ ಹೆಸರಿನೊಂದಿಗೆ ಇಲ್ಲಿಯೇ ಬರೆಯುತ್ತೇನೆ.